ಹನ್ನೆರಡು ಮೀಟರ್: ಸುಳ್ಳು ಸಾಕ್ಷಿಯಿಂದ ದೇವರಿಗೆ ಮಹಿಮೆ ಬರುತ್ತದೆಯೇ?

ವಾಕ್ಯಭಾಗ: 2 ತಿಮೊಥೆಯನಿಗೆ 2:5, ಯೆಹೋಶುವ 7:19–21, 2 ಕೊರಿಂಥದವರಿಗೆ 12:7–10

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

 

ಮೂರು ತಿಂಗಳಾದ ಮೇಲೆ ಈ ಮೈಕ್ ಹಿಡಿದಿದ್ದೀನಿ. ನಾನು ಯಾಕೆ ಇಷ್ಟು ದಿನ ಪ್ರಸಂಗ ಮಾಡಲಿಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು, ಕೆಲವರಿಗೆ ಅರ್ಧ ಗೊತ್ತು. ಅರ್ಧ ಗೊತ್ತಿರೋದು ಒಳ್ಳೇದಲ್ಲ. ಆದ್ದರಿಂದ ಹಿರಿಯ ಪಾಸ್ಟರ್ ಅಪ್ಪಣೆ ತಗೊಂಡು ಇವತ್ತು ಪೂರ್ತಿ ಹೇಳ್ತೀನಿ. ದಯವಿಟ್ಟು ಫೋನ್ ಸೈಲೆಂಟ್‌ಗೆ ಹಾಕಿ.

ಕಳೆದ ಅಕ್ಟೋಬರ್‌ನಲ್ಲಿ ಇದೇ ಜಾಗದಲ್ಲಿ ನಿಂತು ನಾನೊಂದು ಸಾಕ್ಷಿ ಹೇಳಿದ್ದೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ, ಹಲ್ಲೆಲೂಯಾ ಅಂದ್ರಿ. ಆ ಸಾಕ್ಷಿಯ ಬಹುಪಾಲು ನಿಜ. ಮುಖ್ಯವಾದ ಭಾಗ ಮಾತ್ರ ಸುಳ್ಳು.

ನಾನು ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹತ್ತಿರ. ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ರಸ್ತೆಯಲ್ಲಿ ಬರುತ್ತೆ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ನೀವೆಲ್ಲ ಟ್ರೆಕ್ಕಿಂಗ್ ಅಂತ ಹೋಗಿ ಫೋಟೋ ಹಾಕ್ತೀರಿ. ನಮ್ಮ ಊರಿಗೂ ಒಂದು ಬೆಟ್ಟ, ಅದರ ಮೇಲೆ ಒಂದು ಹಳೇ ಕೋಟೆ ಇದೆ. ಫೋಟೋ ತೆಗೆಯೋಕೆ ಬರೋರು ಕಡಿಮೆ. ನೀರಿಲ್ಲದ ಸೀಮೆ. ಕಡ್ಲೆಕಾಯಿ, ರಾಗಿ, ಹುಣಸೆಮರ. 2022ರ ಮಳೆಗೆ ಕೆರೆಗಳು ತುಂಬಿ ಕೋಡಿ ಬಿದ್ದಾಗ ಜನ ಜಾತ್ರೆ ಥರ ನೋಡೋಕೆ ಹೋದರು. ಅಂಥ ಊರಲ್ಲಿ ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ಮೇಲಿಂದ ತಳ್ಳಿದ್ದು. ಅದೇ ನನ್ನ ಸ್ವಿಮ್ಮಿಂಗ್ ಕೋಚಿಂಗ್.

ಬೆಂಗಳೂರಿಗೆ ಬಂದೆ, ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ. ವಾರವೆಲ್ಲಾ ಮೈಕ್ರೋಮೀಟರ್ ಹಿಡಿದು ಪಾರ್ಟ್ ಅಳೆಯೋದು, ಭಾನುವಾರ ವಾಕ್ಯ ಹೇಳೋದು. ಬೈಬಲ್ ಕಾಲೇಜಿನ ಡಿಪ್ಲೊಮಾ ಕೆಲಸದ ಜೊತೆಯಲ್ಲೇ ಮುಗಿಸಿದೆ. ಮೂವತ್ತೆರಡನೇ ವಯಸ್ಸಿಗೆ ಡಾಕ್ಟರು ಶುಗರ್ ಅಂಚಿಗೆ ಬಂದಿದೆ ಅಂದ್ರು. ಓಡೋಕೆ ಶುರು ಮಾಡಿದೆ. ಓಟದಿಂದ ಸೈಕಲ್, ಸೈಕಲ್‌ನಿಂದ ಟ್ರಯಥ್ಲಾನ್.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಯಥ್ಲಾನ್ ಅಂದ್ರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು, ಗಡಿಯಾರ ನಿಲ್ಲದ ಹಾಗೆ ಮುಗಿಸೋದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿತು. ಅಲ್ಲಿನ ದೂರ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಪೂರ್ಣ ಐರನ್‌ಮ್ಯಾನ್ ಅಂದ್ರೆ 3.8, 180, 42.2. ಅದರ ಅರ್ಧಕ್ಕೆ 70.3 ಅಂತಾರೆ, ಅದು ಮೈಲಿ ಲೆಕ್ಕ. ನಮ್ಮ ಲೆಕ್ಕದಲ್ಲಿ 113 ಕಿಲೋಮೀಟರ್. ಗೋವಾದಲ್ಲಿ 2019ರಿಂದ ಈ 70.3 ನಡೆಯೋಕೆ ಶುರುವಾದ ಮೇಲೆ ನಮ್ಮಂಥ ಕೆಲಸಕ್ಕೆ ಹೋಗೋ ಜನಕ್ಕೂ ಆಸೆ ಹತ್ತಿತು. ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದ್ದನ್ನ ಪೇಪರ್‌ನಲ್ಲಿ ಓದಿದಾಗ, ಆಫೀಸ್ ಮಾಡ್ಕೊಂಡು ಇದೂ ಮಾಡಬಹುದು ಅನ್ನೋ ಧೈರ್ಯ ಬಂತು.

ಕಳೆದ ವರ್ಷ ಮೂರು ರೇಸ್ ಹಾಕಿಕೊಂಡೆ. ಎರಡು ಸಣ್ಣವು, ಕೊನೆಯದು ಕಡಲ ತೀರದ ಒಂದು ಊರಲ್ಲಿ ಅರ್ಧ ದೂರದ್ದು. ವಾರದ ದಿನ ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಮೊದಲು ಪ್ರಾರ್ಥನೆ, ಆಮೇಲೆ ಓಟ. ತಿಂಗಳಿಗೆ ಎರಡು ಶನಿವಾರ ಊರಿಗೆ ಹೋಗಿ ಅಲ್ಲಿಂದ ಪಾವಗಡದ ಕಡೆ ಸೈಕಲ್. ತಿರುಮಣಿ ಹತ್ತಿರ ಸೋಲಾರ್ ಪಾರ್ಕ್ ಇದೆ, 13,000 ಎಕರೆ. ಎಲ್ಲಿ ನೋಡಿದ್ರೂ ಗಾಜಿನ ಹಲಗೆ, ಒಂದು ಮರ ಸಿಗಲ್ಲ. ಆಷಾಢದ ಗಾಳಿ ಎದುರಿಗೆ ಬಂದ್ರೆ ಸೈಕಲ್ ನಿಂತಲ್ಲೇ ನಿಂತ ಹಾಗೆ. ಆ ರಸ್ತೆಯಲ್ಲಿ ನಾನು ಮಾಡಿದಷ್ಟು ಪ್ರಾರ್ಥನೆ ಕೋಣೆಯಲ್ಲೂ ಮಾಡಿಲ್ಲ. ಇದು ನಿಜ, ಇದನ್ನ ಹಿಂದಕ್ಕೆ ತಗೊಳ್ಳಲ್ಲ. ದೇಹದ ಸಾಧನೆಗೆ ಸ್ವಲ್ಪ ಮಟ್ಟಿಗೆ ಪ್ರಯೋಜನ ಇದೆ ಅಂತ ಪೌಲನು ತಿಮೊಥೆಯನಿಗೆ ಬರೀತಾನೆ. ಸ್ವಲ್ಪ ಅಂದ, ಇಲ್ಲವೇ ಇಲ್ಲ ಅನ್ನಲಿಲ್ಲ.

ತೊಂದರೆ ಶುರುವಾದದ್ದು ಭಾನುವಾರದಿಂದ. ನಮ್ಮ ದೇಶದಲ್ಲಿ ರೇಸ್‌ಗಳು ಹೆಚ್ಚಾಗಿ ಭಾನುವಾರವೇ. ಆರಾಧನೆ ಬಿಟ್ಟು ಹೋಗೋದಾ? ಎರಿಕ್ ಲಿಡೆಲ್ ಕಥೆ ಸಂಡೇ ಸ್ಕೂಲಿನಲ್ಲಿ ಕೇಳಿದ್ದೀರಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೀಟ್ಸ್ ಭಾನುವಾರ ಅಂತ 100 ಮೀಟರ್ ಬಿಟ್ಟ ಸ್ಕಾಟ್ಲೆಂಡಿನ ಓಟಗಾರ. ನಾನು ಹಿರಿಯ ಪಾಸ್ಟರ್ ಹತ್ತಿರ ಹೋಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ವರ್ಷಕ್ಕೆ ಒಂದು ಭಾನುವಾರ ತಾನೇ? ಹೋಗಿ ಬಾ ಅಪ್ಪ. ಬಂದು ಸಾಕ್ಷಿ ಹೇಳು" ಅಂದ್ರು.

ಅವರು ಪ್ರೀತಿಯಿಂದ ಹೇಳಿದ ಮಾತು. ನನ್ನ ಕಿವಿಯಲ್ಲಿ ಅದು ಬೇರೆ ಥರ ಬಿತ್ತು. ಸಾಕ್ಷಿ ಹೇಳಬೇಕು ಅಂದ್ರೆ ಮುಗಿಸಿಯೇ ಬರಬೇಕು. ಮುಗಿಸದಿದ್ರೆ ಆರಾಧನೆ ಬಿಟ್ಟು ಹೋದದ್ದಕ್ಕೆ ಲೆಕ್ಕ ಏನು? ನೀವು ಯೌವನಸ್ಥರೆಲ್ಲ ಒಂದು ದಿನ ನನಗೋಸ್ಕರ ಉಪವಾಸ ಮಾಡಿದ್ರಿ. ಜೆರ್ಸಿ ಮೇಲೆ ವಚನದ ನಂಬರ್ ಪ್ರಿಂಟ್ ಮಾಡಿಸಿಕೊಟ್ರಿ. ದೇವರ ಗೌರವ ನನ್ನ ಎರಡು ಕಾಲಿನ ಮೇಲೆ ನಿಂತಿದೆ ಅಂತ ನಾನು ನಂಬಿಬಿಟ್ಟೆ. ನನ್ನ ಪಾಪದ ಬೇರು ಅಲ್ಲಿದೆ, ರೇಸಿನ ರಸ್ತೆಯಲ್ಲಿ ಅಲ್ಲ.

1. ರಸ್ತೆಯಲ್ಲಿ ನಡೆದದ್ದು

ಈಗ ಡ್ರಾಫ್ಟಿಂಗ್ ಅಂದ್ರೆ ಏನು ಅಂತ ಹೇಳ್ತೀನಿ. ಲಾರಿ ಹಿಂದೆ ಬೈಕಲ್ಲಿ ಹೋದಾಗ ಎಳ್ಕೊಂಡ ಹಾಗೆ ಆಗುತ್ತಲ್ಲ, ಅದೇ. ಮುಂದಿನ ಸೈಕಲ್‌ನವನು ಗಾಳಿ ಸೀಳ್ತಾನೆ, ಅವನ ಮರೆಯಲ್ಲಿ ಹಿಂದಿನವನು ಹೋಗ್ತಾನೆ. ಹತ್ತಿರ ಅಂಟಿಕೊಂಡು ಹೋದ್ರೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತೆ. ಒಲಿಂಪಿಕ್ಸ್‌ನ ಟ್ರಯಥ್ಲಾನ್‌ನಲ್ಲಿ ಇದಕ್ಕೆ ಅನುಮತಿ ಇದೆ. ನಮ್ಮಂಥ ಹವ್ಯಾಸಿಗಳ ಉದ್ದದ ರೇಸ್‌ನಲ್ಲಿ ಇಲ್ಲ. ನನ್ನ ಮುಂದಿನ ಚಕ್ರಕ್ಕೂ ಮುಂದಿನವನ ಮುಂದಿನ ಚಕ್ರಕ್ಕೂ 12 ಮೀಟರ್ ಅಂತರ ಇರಬೇಕು. ಒಳಗೆ ಹೋದ್ರೆ 25 ಸೆಕೆಂಡ್‌ನಲ್ಲಿ ದಾಟಿಬಿಡಬೇಕು. ಇಲ್ಲಾಂದ್ರೆ ದಂಡ, 5 ನಿಮಿಷ ನಿಲ್ಲಿಸ್ತಾರೆ. ಹಿಂದಿನ ದಿನದ ಬ್ರೀಫಿಂಗ್‌ನಲ್ಲಿ ಇದನ್ನ ಹೇಳಿದ್ರು. ನಾನು ಸಹಿ ಹಾಕಿದೆ.

ಕಡಲಿನ ಈಜು ಚೆನ್ನಾಗೇ ಆಯ್ತು. 1.9 ಕಿಲೋಮೀಟರ್‌ಗೆ 58 ನಿಮಿಷ. ಬಾವಿ ಹುಡುಗನಿಗೆ ಅಲೆ ಹೊಸದು, ಆದ್ರೂ ಪರವಾಗಿಲ್ಲ. ಸೈಕಲ್‌ನಲ್ಲಿ ಎರಡನೇ ಅರ್ಧಕ್ಕೆ ಗಾಳಿ ಎದ್ದಿತು. 60ನೇ ಕಿಲೋಮೀಟರ್ ಹತ್ತಿರ ನನ್ನ ವೇಗ ಗಂಟೆಗೆ 17ಕ್ಕೆ ಇಳಿದಿತ್ತು. ಶುರುವಾದ ಐದೂವರೆ ಗಂಟೆಯೊಳಗೆ ಸೈಕಲ್ ಮುಗಿಸಬೇಕು, ಇಲ್ಲಾಂದ್ರೆ ಹೊರಗೆ. ಅಳತೆ ನನ್ನ ಕಸುಬು, ಮನಸ್ಸಲ್ಲೇ ಲೆಕ್ಕ ಹಾಕಿದೆ. ಈ ವೇಗದಲ್ಲಿ ಹೋದ್ರೆ 17 ನಿಮಿಷ ತಡ. ನನ್ನ ರೇಸ್ ಇಲ್ಲಿಗೆ ಮುಗೀತು.

ಪ್ರಾರ್ಥನೆ ಮಾಡಿದೆ. ಅಳುತ್ತಾ ಮಾಡಿದೆ. ಎರಡು ನಿಮಿಷ ಆಗಿರಬೇಕು, ಹಿಂದಿನಿಂದ ಐದಾರು ಜನರ ಗುಂಪು ಒಟ್ಟೊಟ್ಟಿಗೆ ಅಂಟಿಕೊಂಡು ಬಂತು. ನನ್ನನ್ನ ದಾಟಿತು. ನಾನು ಕೊನೆಯವನ ಚಕ್ರದ ಹಿಂದೆ ಸೇರಿಕೊಂಡೆ. ಒಂದೇ ಕ್ಷಣಕ್ಕೆ ಗಾಳಿ ನಿಂತ ಹಾಗಾಯ್ತು. ವೇಗ 26. ಕಾಲಿಗೆ ಜೀವ ಬಂತು.

ಆಗ ನನ್ನ ಮನಸ್ಸಲ್ಲಿ ಏನು ಬಂತು ಗೊತ್ತಾ? "ಕರ್ತನೇ, ಸ್ತೋತ್ರ. ಪ್ರಾರ್ಥನೆಗೆ ಉತ್ತರ ಕಳಿಸಿದಿ."

ತಮ್ಮಂದಿರೇ, ಕದಿಯುವಾಗ ಕೃತಜ್ಞತೆ ಸಲ್ಲಿಸಿದವನು ನಾನು.

ನನಗೆ ನಿಯಮ ಮರೆತುಹೋಗಿತ್ತು ಅಂತ ಹೇಳೋಕೆ ಆಗಲ್ಲ. ಯಾಕಂದ್ರೆ ಮಧ್ಯೆ ರೆಫರಿಯ ಬೈಕ್ ಸದ್ದು ಕೇಳಿಸಿತು. ಕೇಳಿಸಿದ ತಕ್ಷಣ ಪೆಡಲ್ ನಿಲ್ಲಿಸಿ ಹಿಂದೆ ಸರಿದೆ. ಸರಿಯಾಗಿ 12 ಮೀಟರ್, ಬೇಕಾದ್ರೆ ಟೇಪ್ ಹಿಡಿದು ನೋಡಬಹುದಿತ್ತು. ಬೈಕ್ ಹೋಯ್ತು, ಮತ್ತೆ ಹೋಗಿ ಅಂಟಿಕೊಂಡೆ. ಹೀಗೆ ಸುಮಾರು 20 ಕಿಲೋಮೀಟರ್. 11 ನಿಮಿಷ ಉಳಿಸಿಕೊಂಡು ಸೈಕಲ್ ಮುಗಿಸಿದೆ. ಓಟ ನನ್ನದೇ ಕಾಲಲ್ಲಿ ಓಡಿದೆ, 8 ಗಂಟೆ 19 ನಿಮಿಷಕ್ಕೆ ಗೆರೆ ದಾಟಿದೆ. ಮಿತಿ ಎಂಟೂವರೆ ಗಂಟೆ. ಕೊರಳಿಗೆ ಮೆಡಲ್ ಹಾಕಿದ್ರು.

ಮುಂದಿನ ಭಾನುವಾರ ನಿಮ್ಮ ಮುಂದೆ ನಿಂತು ಏನು ಹೇಳಿದೆ? "60ನೇ ಕಿಲೋಮೀಟರ್‌ನಲ್ಲಿ ನನ್ನ ಬಲ ಮುಗೀತು. ಯೇಸುವನ್ನ ಕೂಗಿದೆ. ತಕ್ಷಣ ಹೊಸ ಬಲ ಬಂತು, ಹದ್ದಿನ ರೆಕ್ಕೆ ಬಂದ ಹಾಗಾಯ್ತು." ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿ. ಬಲ ಮುಗಿದದ್ದು ನಿಜ, ಕೂಗಿದ್ದು ನಿಜ, ವೇಗ ಬಂದದ್ದೂ ನಿಜ. ಮಧ್ಯದಲ್ಲಿದ್ದ ಐದಾರು ಸೈಕಲ್ ಮಾತ್ರ ಬಿಟ್ಟೆ.

2. ಪಕ್ಕದ ಮೂಟೆ

ಆ ಸಾಕ್ಷಿ ಅಲ್ಲಿಗೇ ನಿಂತಿದ್ರೆ ನಾನು ಬಹುಶಃ ಇವತ್ತಿಗೂ ಬಾಯಿ ಬಿಡ್ತಿರಲಿಲ್ಲ. ಎರಡು ವಾರ ಆದ ಮೇಲೆ ನಮ್ಮ ಸಭೆಯ ಒಬ್ಬ ತಮ್ಮ ಬಂದ. ಹೆಸರು ಹೇಳಲ್ಲ, ಹೀಗೆ ಹೇಳ್ತೀನಿ ಅಂತ ಅವನ ಒಪ್ಪಿಗೆ ಕೇಳಿದ್ದೀನಿ. ರಾತ್ರಿ ಊಟ ಡೆಲಿವರಿ ಮಾಡ್ತಾ, ಹಗಲು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡ್ತಿದ್ದ ಹುಡುಗ. 1,600 ಮೀಟರ್, ಆರೂವರೆ ನಿಮಿಷದಲ್ಲಿ ಓಡಬೇಕು. ಕೊನೇ ಸುತ್ತಿನಲ್ಲಿ ಉಸಿರು ಕಟ್ಟಿತು. ಅವನು ನನ್ನ ಸಾಕ್ಷಿ ನೆನಪಿಸಿಕೊಂಡ. ಯೇಸುವನ್ನ ಕೂಗಿದ. ರೆಕ್ಕೆ ಬರಲಿಲ್ಲ. ಕೆಲವೇ ಸೆಕೆಂಡಿಗೆ ಹೋಯ್ತು.

ನನ್ನ ಹತ್ತಿರ ಬಂದು ಕೇಳಿದ: "ಅಣ್ಣ, ನಿಮಗೆ ಬಂದ ಬಲ ನನಗೆ ಯಾಕೆ ಬರ್ಲಿಲ್ಲ? ನನ್ನ ವಿಶ್ವಾಸ ಕಡಿಮೆಯಾ? ನನ್ನಲ್ಲಿ ಏನಾದ್ರೂ ಪಾಪ ಇದೆಯಾ?"

ನಾನು ಏನು ಹೇಳಬೇಕಿತ್ತು ಅಂತ ನನಗೆ ಆಗಲೇ ಗೊತ್ತಿತ್ತು. ಆದ್ರೆ ಹೇಳಿದ್ದು, "ಇನ್ನೂ ಹೆಚ್ಚು ಪ್ರಾರ್ಥನೆ ಮಾಡಪ್ಪ, ದೇವರ ಸಮಯ ಬರುತ್ತೆ." ಅವನು ತಲೆ ಬಗ್ಗಿಸಿ "ಆಯ್ತು ಅಣ್ಣ" ಅಂತ ಹೋದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ತನ್ನಲ್ಲಿಲ್ಲದ ಪಾಪ ಹುಡುಕ್ತಾ ಇದ್ದಾನೆ, ಪಾಪ ನನ್ನ ಹತ್ತಿರ ಇದೆ.

ಆ ವಾರ ಊರಿಗೆ ಹೋದೆ. ಕಡ್ಲೆಕಾಯಿ ಕಿತ್ತು ಒಣಗಿಸ್ತಾ ಇದ್ದ ಕಾಲ. ಮೆಡಲ್ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಮೊಳೆಗೆ ನೇತು ಹಾಕಿದ್ದರು, ಅಮ್ಮ ಬಂದವರಿಗೆಲ್ಲಾ ತೋರಿಸ್ತಾ ಇದ್ದಳು. ಅಮ್ಮ ವಿಶ್ವಾಸಿ, ನಾನು ರಕ್ಷಣೆಗೆ ಬಂದದ್ದೇ ಅವಳ ಕಣ್ಣೀರಿನ ಪ್ರಾರ್ಥನೆಯಿಂದ. ಅಪ್ಪ ಸಭೆಗೆ ಬರಲ್ಲ. ಬೈಯೋದೂ ಇಲ್ಲ, ಬರೋದೂ ಇಲ್ಲ. ನಾನು ಮೆಡಲ್ ತೆಗೆದು ಬ್ಯಾಗಿಗೆ ಹಾಕ್ತಾ ಇದ್ದೆ, ಅಪ್ಪ ಅಂಗಳದಿಂದ ನೋಡಿದ.

"ಯಾಕ್ಲಾ, ಅದನ್ನ ಎತ್ಕಂಡು ಹೊಂಟಿದ್ದೀಯ?"

"ಅದು ನಂದಲ್ಲ ಕಣಪ್ಪ."

"ಯಾರ್ದು ಮತ್ತೆ?"

ಹೇಳಿದೆ. ಪಾಸ್ಟರ್‌ಗೆ ಹೇಳೋಕೆ ಮೊದಲು, ದೇವರಿಗೆ ಸರಿಯಾಗಿ ಹೇಳೋಕೂ ಮೊದಲು, ಸಭೆಗೆ ಬರದ ಅಪ್ಪನಿಗೆ ಹೇಳಿದೆ. ಅಪ್ಪ ಕಡ್ಲೆಕಾಯಿ ರಾಶಿಯನ್ನ ಕೈಯಲ್ಲಿ ತಿರುವ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ:

"ಮೂಟೆಗೆ ನೀರು ಚಿಮುಕ್ಸಿದ್ರೆ ಅವತ್ತಿನ ತೂಕ ಏನೋ ಜಾಸ್ತಿ ಬರ್ತದೆ. ಎಂಟು ದಿನಕ್ಕೆ ಒಳಗಿಂದ ಬೂಷ್ಟು ಹಿಡಿತದೆ. ಆ ಮೂಟೆ ಒಂದೇ ಅಲ್ಲ ಕಣ್ಲಾ, ಪಕ್ಕದ ಮೂಟೆನೂ ಕೆಡ್ತದೆ."

ಮಳೆ ಕೈ ಕೊಟ್ಟ ವರ್ಷದಲ್ಲೂ ಅಪ್ಪ ನೀರು ಚಿಮುಕಿಸಿದವನಲ್ಲ. ತೂಕದ ಮೋಸ ಕರ್ತನಿಗೆ ಅಸಹ್ಯ ಅಂತ ಜ್ಞಾನೋಕ್ತಿಗಳು 11ರ ಮೊದಲನೇ ವಚನ ಹೇಳುತ್ತೆ. ಆ ವಚನ ನನಗೆ ಬಾಯಿಪಾಠ. ಅಪ್ಪ ಆ ವಚನ ಓದಿಲ್ಲ, ಅದರ ಪ್ರಕಾರ ಬದುಕಿದ್ದಾನೆ. ನಾನು ನೀರು ಚಿಮುಕಿಸಿದೆ, ಪಕ್ಕದ ಮೂಟೆ ನನ್ನ ಡೆಲಿವರಿ ತಮ್ಮ.

3. ನಿಯಮ ಯಾರಿಗೆ ಕೊಟ್ಟ ಮಾತು?

ಈಗ ನಿಮ್ಮಲ್ಲಿ ಕೆಲವರು ಯೋಚಿಸ್ತಾ ಇರಬಹುದು: ಬ್ರದರ್, ಇದು ಅಷ್ಟು ದೊಡ್ಡ ವಿಷಯವಾ? ಯಾರ ದುಡ್ಡೂ ಹೋಗಿಲ್ಲ. ನೀವೇನು ಪ್ರೈಜ್ ಗೆದ್ದಿಲ್ಲ. ಎಲ್ಲರೂ ಮಾಡ್ತಾರೆ. ನಾನೂ ಹೀಗೇ ವಾದ ಮಾಡಿಕೊಂಡಿದ್ದೆ, ಆದ್ದರಿಂದ ಗೌರವದಿಂದಲೇ ಉತ್ತರ ಕೊಡ್ತೀನಿ.

ಗಾಳಿ ಮರೆಯಲ್ಲಿ ಸೈಕಲ್ ಹೊಡೆಯೋದು ಪಾಪ ಅಲ್ಲ. ಬೇರೆ ರೇಸ್‌ನಲ್ಲಿ ಅದು ಒಂದು ಕಲೆ. ನಿಯಮ ಮನುಷ್ಯರು ಮಾಡಿದ್ದು, 12 ಮೀಟರ್ ಅನ್ನೋದು ಸೀನಾಯಿ ಬೆಟ್ಟದಿಂದ ಬಂದಿಲ್ಲ. ಹಾಗಿದ್ರೆ ತಪ್ಪು ಎಲ್ಲಿ? ನಾನು ಮಾತು ಕೊಟ್ಟಿದ್ದೆ. ನನ್ನ ಹಿಂದೆ ಒಬ್ಬಳು ಅಕ್ಕ, ನಲವತ್ತು ದಾಟಿರಬೇಕು, ಅದೇ ಗಾಳಿಯಲ್ಲಿ ಒಬ್ಬಳೇ ಹೊಡೀತಾ ಇದ್ದಳು. ಆ ಗುಂಪು ಅವಳನ್ನೂ ದಾಟಿಯೇ ಬಂದಿತ್ತು. ಅವಳು ಸೇರಿಕೊಳ್ಳಲಿಲ್ಲ. ನಾನು ಓಟ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅವಳನ್ನ ವ್ಯಾನ್‌ನಲ್ಲಿ ಕರ್ಕೊಂಡು ಬಂದ್ರು. ಸಮಯ ಮೀರಿತ್ತು. ಅವಳು ಮಾತು ಉಳಿಸಿಕೊಂಡಳು, ಮೆಡಲ್ ಸಿಗಲಿಲ್ಲ. ನಾನು ಮಾತು ಮುರಿದೆ, ಮೆಡಲ್ ಸಿಕ್ಕಿತು. ಯಾರ ದುಡ್ಡೂ ಹೋಗಿಲ್ಲ ಅನ್ನೋದು ಸರಿ. ಆದ್ರೆ ಅವಳ ಪ್ರಾಮಾಣಿಕತೆಯನ್ನ ನಾನು ದಡ್ಡತನ ಮಾಡಿಬಿಟ್ಟೆ.

ಪೌಲನು ತಿಮೊಥೆಯನಿಗೆ ಬರೆಯುವಾಗ ಈ ವಿಷಯ ಎತ್ತುತ್ತಾನೆ. ಕ್ರೀಡಾಪಟು ನಿಯಮದ ಪ್ರಕಾರ ಹೋರಾಡದಿದ್ರೆ ಅವನಿಗೆ ಕಿರೀಟ ಇಲ್ಲ ಅನ್ನೋದು ಅಲ್ಲಿನ ಅರ್ಥ. ಪೌಲನು ಬರೆದದ್ದು ಪುಸ್ತಕ ನೋಡಿ ಅಲ್ಲ. ಅವನು ಒಂದೂವರೆ ವರ್ಷ ಇದ್ದ ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೀತಿದ್ದವು. ಗೆದ್ದವನಿಗೆ ಎಲೆಯ ಕಿರೀಟ, ಕೆಲವೇ ದಿನಕ್ಕೆ ಒಣಗಿಹೋಗೋದು. ಒಲಿಂಪಿಯಾದಲ್ಲಿ ಆಟಗಾರರು ಹತ್ತು ತಿಂಗಳು ಸರಿಯಾಗಿ ತಯಾರಿ ಮಾಡಿದ್ದೀವಿ, ಮೋಸ ಮಾಡಲ್ಲ ಅಂತ ಪ್ರಮಾಣ ಮಾಡಬೇಕಿತ್ತು. ಕ್ರಿಸ್ತಪೂರ್ವ 388ರಲ್ಲಿ ಯೂಪೋಲಸ್ ಅನ್ನೋ ಬಾಕ್ಸರ್ ಎದುರಾಳಿಗಳಿಗೆ ಲಂಚ ಕೊಟ್ಟು ಸಿಕ್ಕಿಬಿದ್ದ. ದಂಡದ ಹಣದಲ್ಲಿ ಕಂಚಿನ ವಿಗ್ರಹ ಮಾಡಿಸಿ ಕ್ರೀಡಾಂಗಣದ ದಾರಿಯಲ್ಲಿ ನಿಲ್ಲಿಸಿದರು. ಮುಂದಿನವರು ಒಳಗೆ ಹೋಗೋ ಮೊದಲು ಅದನ್ನ ನೋಡಿಕೊಂಡು ಹೋಗಲಿ ಅಂತ. ಸತ್ಯದೇವರನ್ನ ತಿಳಿಯದ ಜನರೇ ಆಟದ ಮಾತಿಗೆ ಇಷ್ಟು ಬೆಲೆ ಕೊಟ್ಟರು. ನಮಗೆ ಎಷ್ಟು ಬೇಕು?

ಇನ್ನೊಂದು ಇತ್ತೀಚಿನದು. 2020ರ ಸೆಪ್ಟೆಂಬರ್, ಸ್ಪೇನ್ ದೇಶದ ಸಾಂತಾಂದೆರ್ ಟ್ರಯಥ್ಲಾನ್. ಬ್ರಿಟನ್ನಿನ ಜೇಮ್ಸ್ ಟೀಗಲ್ ಮೂರನೇ ಸ್ಥಾನದಲ್ಲಿದ್ದ, ಗೆರೆಯ ಹತ್ತಿರ ದಾರಿ ತಪ್ಪಿದ. ಹಿಂದಿದ್ದ ದಿಯೆಗೊ ಮೆಂತ್ರಿದಾ ಮುಂದೆ ಬಂದ. ಗೆರೆಯ ಮುಂದೆ ನಿಂತು, ಟೀಗಲ್‌ನನ್ನ ಮೊದಲು ದಾಟೋಕೆ ಬಿಟ್ಟ. ನಿಯಮದ ಪ್ರಕಾರ ಮೆಂತ್ರಿದಾ ನಿಲ್ಲಬೇಕಾಗಿರಲಿಲ್ಲ. ನಾನು ನಿಯಮ ಕೇಳಿದಷ್ಟನ್ನೂ ಕೊಡಲಿಲ್ಲ, ಅವನು ನಿಯಮ ಕೇಳದೇ ಇದ್ದದ್ದನ್ನೂ ಕೊಟ್ಟ. ಆ ವಿಡಿಯೋ ನಾನು ರೇಸಿಗೆ ಮೊದಲೇ ನೋಡಿದ್ದೆ, ಸ್ಟೇಟಸ್ ಕೂಡ ಹಾಕಿದ್ದೆ. ಒಳ್ಳೇದನ್ನ ಶೇರ್ ಮಾಡೋದಕ್ಕೂ ಒಳ್ಳೇದು ಮಾಡೋದಕ್ಕೂ ನಡುವೆ ಎಷ್ಟು ದೂರ ನೋಡಿ.

4. ಮಹಿಮೆ ಕೊಡೋದು ಅಂದ್ರೆ ಏನು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ನನ್ನ ಸಾಕ್ಷಿಯಿಂದ ಜನ ದೇವರನ್ನ ಸ್ತುತಿಸಿದರಲ್ಲ? ಸ್ತುತಿ ನಿಜ ಅಲ್ವಾ? ಸುಳ್ಳಿನಿಂದ ಹುಟ್ಟಿದ ಹಲ್ಲೆಲೂಯಾ ದೇವರಿಗೆ ಹೋಗಿ ಸೇರುತ್ತಾ?

ಯೆಹೋಶುವ 7ನೇ ಅಧ್ಯಾಯ ನೋಡಿ. ಆಕಾನ ಕದ್ದದ್ದನ್ನ ಡೇರೆಯ ಮಣ್ಣಿನಲ್ಲಿ ಹೂತಿಟ್ಟಿದ್ದಾನೆ. ಇಸ್ರಾಯೇಲ್ ಯುದ್ಧದಲ್ಲಿ ಸೋತಿದೆ, ಮೂವತ್ತಾರು ಜನ ಸತ್ತಿದ್ದಾರೆ. ಪಕ್ಕದ ಮೂಟೆ! ಚೀಟಿ ಆಕಾನನ ಮೇಲೆ ಬೀಳುತ್ತೆ. ಯೆಹೋಶುವ ಅವನನ್ನ ಮಗನೇ ಅಂತ ಕರೆದು, ಕರ್ತನಿಗೆ ಮಹಿಮೆ ಸಲ್ಲಿಸು, ಏನು ಮಾಡಿದಿ ಹೇಳು ಅಂತಾನೆ. ಗಮನಿಸಿದ್ರಾ? ಮಹಿಮೆ ಸಲ್ಲಿಸೋದು ಮತ್ತು ನಡೆದದ್ದನ್ನ ನಡೆದ ಹಾಗೆ ಹೇಳೋದು, ಎರಡೂ ಒಂದೇ ಕೆಲಸ. ಗೆಲುವಿನ ಕಥೆ ಹೇಳಿದ್ರೆ ಮಹಿಮೆ, ಸೋಲಿನ ಕಥೆ ಹೇಳಿದ್ರೆ ಅವಮಾನ ಅಂತ ನಾವು ಅಂದುಕೊಂಡಿದ್ದೀವಿ. ವಾಕ್ಯ ಹಾಗೆ ಹೇಳಲ್ಲ. ಸತ್ಯ ಎಲ್ಲಿ ಹೊರಬರುತ್ತೋ ಅಲ್ಲಿ ದೇವರಿಗೆ ಮಹಿಮೆ.

ದೇವರಿಗೆ ನನ್ನ ಮೆಡಲ್ ಬೇಕಾಗಿರಲಿಲ್ಲ. ಅವನ ಹೆಸರು ಕಾಪಾಡೋಕೆ ನಾನು ಮೋಸ ಮಾಡಬೇಕು ಅಂದ್ರೆ, ನಾನು ನಂಬಿರೋದು ಎಷ್ಟು ಬಡ ದೇವರನ್ನ? ಸಾಕ್ಷಿ ಅನ್ನೋದು ಕೋರ್ಟಿನ ಮಾತು. ಕಂಡದ್ದನ್ನ ಕಂಡ ಹಾಗೆ ಹೇಳುವವನು ಸಾಕ್ಷಿ. ಕಕ್ಷಿಗಾರ ಗೆಲ್ಲಲಿ ಅಂತ ಕಥೆ ಕಟ್ಟುವವನನ್ನ ಕೋರ್ಟಿನಲ್ಲಿ ಏನಂತಾರೆ? ಸುಳ್ಳು ಸಾಕ್ಷಿ. ಹತ್ತು ಆಜ್ಞೆಯಲ್ಲಿ ಒಂಬತ್ತನೆಯದು ಅದೇ.

ಪೌಲನ ಸಾಕ್ಷಿ ಕೇಳಿ. ಶರೀರದಲ್ಲಿ ಒಂದು ಮುಳ್ಳು. ತೆಗಿ ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಲುತ್ತೆ ಅನ್ನೋ ಅರ್ಥದ ಉತ್ತರ ಬಂತು. ಪೌಲನು ಅದನ್ನ ಮುಚ್ಚಿಡಲಿಲ್ಲ, ಕೊರಿಂಥದ ಸಭೆಗೆ ಬರೆದು ಕಳಿಸಿದ. ನಮ್ಮ ಸಾಕ್ಷಿ ಸಮಯದಲ್ಲಿ "ಮೂರು ಸಲ ಬೇಡಿದೆ, ಸಿಗಲಿಲ್ಲ, ಆದ್ರೂ ಕರ್ತನು ಬಿಟ್ಟುಹೋಗಲಿಲ್ಲ" ಅಂತ ಎಷ್ಟು ಜನ ಹೇಳಿದ್ದಾರೆ? ಹೇಳೋಕೆ ನಾವು ಜಾಗ ಕೊಟ್ಟಿದ್ದೀವಾ? ಗುಣವಾದವರು ಮಾತ್ರ ಮೈಕ್ ಹಿಡಿದ್ರೆ, ಗುಣವಾಗದವರು ಹಿಂದಿನ ಸಾಲಿನಲ್ಲಿ ಕೂತು ತಮ್ಮ ಪಾಪ ಹುಡುಕ್ತಾರೆ. ಪವಿತ್ರಾತ್ಮನು ಅದ್ಭುತ ಮಾಡ್ತಾನೆ, ನಾನು ನಂಬ್ತೀನಿ, ಕಣ್ಣಾರೆ ಕಂಡಿದ್ದೀನಿ. ಅದಕ್ಕೇ ಹೇಳ್ತೀನಿ, ಅವನ ನಿಜವಾದ ಕೆಲಸದ ಪಕ್ಕದಲ್ಲಿ ನಕಲಿ ಮಾಲು ಇಡಬಾರದು.

ಲಿಡೆಲ್ ಕಥೆಯನ್ನೂ ನಾವು ಅರ್ಧಕ್ಕೇ ನಿಲ್ಲಿಸ್ತೀವಿ. ಭಾನುವಾರ ಓಡಲಿಲ್ಲ, ಆದ್ದರಿಂದ ದೇವರು 400 ಮೀಟರ್‌ನಲ್ಲಿ 47.6 ಸೆಕೆಂಡಿಗೆ ಚಿನ್ನ ಕೊಟ್ಟ, ಆಮೆನ್. ಆಮೇಲೆ? ಅವನು ಚೀನಾಕ್ಕೆ ಮಿಷನರಿಯಾಗಿ ಹೋದ. ಯುದ್ಧದ ಕಾಲದಲ್ಲಿ ಜಪಾನಿನವರ ಸೆರೆ ಶಿಬಿರದಲ್ಲಿ, ಹೆಂಡತಿ ಮಕ್ಕಳಿಂದ ದೂರ, 1945ರ ಫೆಬ್ರವರಿಯಲ್ಲಿ 43ನೇ ವಯಸ್ಸಿಗೆ ಮಿದುಳಿನ ಗಡ್ಡೆಯಿಂದ ತೀರಿಹೋದ. ಚಿನ್ನ ದೇವರು ಜೊತೆಗಿದ್ದದ್ದಕ್ಕೆ ಪುರಾವೆ ಅಂದ್ರೆ, ಆ ಶಿಬಿರ ಯಾವುದಕ್ಕೆ ಪುರಾವೆ? ಎರಡು ಕಡೆಯೂ ಅದೇ ಕರ್ತನು ಇದ್ದ. ಚಿನ್ನ ಬರದಿದ್ರೂ ಅವನು ಭಾನುವಾರ ಓಡ್ತಿರಲಿಲ್ಲ. ನಂಬಿಗಸ್ತಿಕೆ ಅಂದ್ರೆ ಅದು.

5. ಆಮೇಲೆ ನಾನು ಮಾಡಿದ್ದು

ಆಕಾನನ ಕಥೆ ಕಲ್ಲುಗಳ ರಾಶಿಯಲ್ಲಿ ಮುಗಿಯುತ್ತೆ. ನನಗೆ ಅದೇ ಭಯ ಇತ್ತು. ಆದ್ರೆ ನಾವು ಶಿಲುಬೆಯ ಈಚೆ ಕಡೆ ನಿಂತಿದ್ದೀವಿ. ನನ್ನ ಮೇಲೆ ಬೀಳಬೇಕಾದ ಕಲ್ಲು ಬೇರೆಯವರ ಮೇಲೆ ಬಿತ್ತು. ಹಾಗಂತ ಹೂತಿಟ್ಟದ್ದನ್ನ ಅಗೆಯೋ ಕೆಲಸ ತಪ್ಪಲ್ಲ. ಜಕ್ಕಾಯನು ಕ್ಷಮೆ ಸಿಕ್ಕಿದ ದಿನವೇ ಲೆಕ್ಕ ತೀರಿಸೋಕೆ ಎದ್ದು ನಿಂತ.

ಊರಿನಿಂದ ಬಂದ ರಾತ್ರಿ ರೇಸ್ ನಡೆಸಿದವರಿಗೆ ಇಮೇಲ್ ಬರೆದೆ. ಎಷ್ಟು ಕಿಲೋಮೀಟರ್‌ನಿಂದ ಎಷ್ಟರವರೆಗೆ, ಎಲ್ಲಾ ಬರೆದೆ. ಒಂದು ವಾರಕ್ಕೆ ಚಿಕ್ಕ ಉತ್ತರ ಬಂತು. ಈಗ ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ಸಮಯ ಇಲ್ಲ, ಅನರ್ಹ ಅಂತ ಇದೆ. ಮೆಡಲ್ ಕೊರಿಯರ್ ಮಾಡಿದೆ. ಅಮ್ಮ ಅತ್ತಳು. ಮೊಳೆ ಖಾಲಿ ಇದೆ.

ಹಿರಿಯ ಪಾಸ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ನಾನೂ ನಿನ್ನ ಮೇಲೆ ಭಾರ ಹಾಕಿದೆ ಅಪ್ಪ" ಅಂದ್ರು. ಮೂರು ತಿಂಗಳು ಸ್ಟೇಜ್ ಬೇಡ, ಬಂದು ಕೂತು ಕೇಳು ಅಂದ್ರು. ಹಿಂದಿನ ಸಾಲಿನಲ್ಲಿ ಕೂತೆ. ಅಲ್ಲಿಂದ ಸಭೆ ಬೇರೆ ಥರ ಕಾಣುತ್ತೆ.

ಎಲ್ಲಕ್ಕಿಂತ ಕಷ್ಟ ಆದದ್ದು ಆ ತಮ್ಮನಿಗೆ ಹೇಳೋದು. ಅವನ ಡ್ಯೂಟಿ ಮುಗಿಯೋವರೆಗೆ ಕಾದು, ರಾತ್ರಿ ಹನ್ನೊಂದೂವರೆಗೆ ಒಂದು ಟೀ ಅಂಗಡಿ ಮುಂದೆ ನಿಂತು ಹೇಳಿದೆ. ಅವನು ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಸುಮಾರು ಹೊತ್ತು ಟೀ ಲೋಟ ನೋಡ್ತಾ ನಿಂತಿದ್ದ. ಆಮೇಲೆ, "ಹಾಗಾದ್ರೆ ನಾನು ಓಡಿದ್ದಾದ್ರೂ ನಿಜ ಅಲ್ವಾ ಅಣ್ಣ" ಅಂದ.

ನಿಜ ಕಣೋ. ನಿನ್ನದೇ ನಿಜ.

ಅವನು ಅಪ್ಪಿಕೊಂಡ, ಎಲ್ಲಾ ಸರಿಹೋಯ್ತು ಅಂತ ಹೇಳೋಕೆ ನನಗೆ ಆಸೆ. ಹೇಳಿದ್ರೆ ಮತ್ತೊಂದು ಸುಳ್ಳು ಸಾಕ್ಷಿ ಆಗುತ್ತೆ. ಅವನು ಟೀ ದುಡ್ಡು ಕೊಟ್ಟು ಹೊರಟ. ಮೂರು ವಾರ ಸಭೆಗೆ ಬರಲಿಲ್ಲ. ನಾಲ್ಕನೇ ವಾರ ಬಂದ, ನನ್ನ ಹತ್ತಿರ ಮಾತಾಡಲಿಲ್ಲ. ಕಳೆದ ತಿಂಗಳಿಂದ ಬೆಳಿಗ್ಗೆ ಒಟ್ಟಿಗೆ ಓಡ್ತಾ ಇದ್ದೀವಿ, ಅವನ ಮುಂದಿನ ಪರೀಕ್ಷೆಗೆ. ಅವನು ಮುಂದೆ, ನಾನು ಹಿಂದೆ. ಅವನು ಪಾಸ್ ಆಗ್ತಾನಾ ಅಂತ ನನಗೆ ಗೊತ್ತಿಲ್ಲ. ದೇವರು ರೆಕ್ಕೆ ಕೊಡ್ತಾನೆ ಅಂತ ನಾನು ಅವನಿಗೆ ಹೇಳಲ್ಲ. ಇನ್ನೊಂದು ಸುತ್ತು ಓಡೋಣ ಬಾ ಅಂತೀನಿ.

ಪ್ರಿಯರೇ, ನಿಮ್ಮ 12 ಮೀಟರ್ ಯಾವುದು? ಐಟಿ ಕಂಪನಿಗೆ ಹಾಕಿದ ಎಕ್ಸ್‌ಪೀರಿಯೆನ್ಸ್ ಲೆಟರ್ ನಿಜವಾ? ಮನೆಯಿಂದ ಕೆಲಸ ಅಂತ ಲಾಗಿನ್ ಮಾಡಿ ಮಲಗಿದ ದಿನಗಳಿವೆಯಾ? ಇನ್ನೊಬ್ಬರು ಮಾಡಿದ ಪ್ರಾಜೆಕ್ಟ್‌ಗೆ ನಿಮ್ಮ ಹೆಸರಿದೆಯಾ? ಕೆಲಸ ಸಿಕ್ಕಿದಾಗ ಇಲ್ಲಿ ಬಂದು ಸಾಕ್ಷಿಯನ್ನೂ ಹೇಳಿದ್ದೀರಾ? ರೆಫರಿ ಬೈಕ್ ಸದ್ದಿಗೆ ಹಿಂದೆ ಸರೀತೀರಿ ಅಂದ್ರೆ, ನಿಯಮ ನಿಮಗೆ ಚೆನ್ನಾಗಿ ಗೊತ್ತಿದೆ ಅಂತ ಅರ್ಥ. ನಾನು ನಿಮ್ಮನ್ನ ಹೆದರಿಸ್ತಾ ಇಲ್ಲ. ಒಬ್ಬರನ್ನ ಹುಡುಕಿ, ಒಬ್ಬರಿಗೆ ಹೇಳಿ. ಯಾಕೋಬನು ಹೇಳೋದೂ ಅದನ್ನೇ, ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ. ನನಗೆ ಸಿಕ್ಕಿದ್ದು ಸಭೆಗೆ ಬರದ ಅಪ್ಪ. ದೇವರು ಯಾರ ಬಾಯಿಂದ ಬೇಕಾದ್ರೂ ಮಾತಾಡ್ತಾನೆ.

ಈ ವರ್ಷ ಮತ್ತೆ ಒಂದು ರೇಸ್‌ಗೆ ಹೆಸರು ಕೊಟ್ಟಿದ್ದೀನಿ. ಸಣ್ಣದು, ಶನಿವಾರದ್ದು. ಗಾಳಿ ಬಂದ್ರೆ ಬರಲಿ. ಹಿಂದೆ ಬಿದ್ದವರನ್ನ ಹತ್ತಿಸಿಕೊಳ್ಳೋ ವ್ಯಾನ್ ಬಂದ್ರೆ ಹತ್ತಿ ಕೂತ್ಕೋತೀನಿ. ಬಂದು ನಿಮ್ಮ ಮುಂದೆ ಅದನ್ನೇ ಹೇಳ್ತೀನಿ. ಆಗಲೂ ಹಲ್ಲೆಲೂಯಾ ಅಂತೀರಾ?

ಪ್ರಾರ್ಥಿಸೋಣ. ತಂದೆಯೇ, ನಿನ್ನ ಮಹಿಮೆಗೆ ನಮ್ಮ ಸುಳ್ಳು ಬೇಡ. ಹೂತಿಟ್ಟದ್ದನ್ನ ಅಗೆದು ತೆಗೆಯೋ ಧೈರ್ಯ ಕೊಡು. ನಮ್ಮ ಮಾತಿನಿಂದ ನೊಂದು ತಮ್ಮಲ್ಲೇ ತಪ್ಪು ಹುಡುಕ್ತಾ ಕೂತವರನ್ನ ನೀನೇ ಸಂತೈಸು. ಓಡಿ ಮುಗಿಸಿದವರ ಜೊತೆಗೂ, ಮುಗಿಸಲಾಗದೆ ಕೂತವರ ಜೊತೆಗೂ ಇರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.